ಪಟಾಲಮ್ಮ ಅರಮನೆಯಲ್ಲಿ ಉಪವಾಸ ಬಿದ್ದದ್ದು

ಹೆಬ್ಬಾಳದ ಕೆರೆ ಕಡೆ ಇದ್ದ ಆ ಅರಮನೆ ಹೋಟೆಲಿಗೆ ಅಷ್ಟೊಂದು ದುಡ್ಡು ಸುರಿದು ಹೋಗಬಹುದೇ, ಬೇಡವೇ ಎಂದು ಕೋಗಿಲಿನಲ್ಲಿ ಯಾರಿಗಾದರೂ ಅನುಮಾನ ಬಂದರೆ ನೆಟ್ಟಗೆ ನಮ್ಮ ಅತ್ತಿಗೆ ಪಟಾಲಮ್ಮನ ಹತ್ತಿರ ಬರುತ್ತಿದ್ದರು. ಇಡೀ ಊರಿನಲ್ಲಿ ಅಲ್ಲಿ ಉಳಿದು ಬಂದ ಹೆಂಗಸು ಅವಳೊಬ್ಬಳೇ ತಾನೇ! ಅತ್ತಿಗೆ ಸೊಪ್ಪು ಸೋಸುತ್ತಲೇ ತೀರ್ಪು ಕೊಡುತ್ತಿದ್ದಳು.

“ಸಿಮ್ಮಾಸನ ಚೆಂದಾಗೈತೆ. ಆಸಿಗೆ ಮೆತ್ತಗೈತೆ. ಓಗ್ರಪ್ಪ, ಬ್ಯಾಡ ಅಂದೋರು ಯಾರು? ಆದ್ರೆ ಮನೇಲಿ ಉಂಡ್ಕಂಡು ಓಗಿ.”

ಕೇಳಿದವರು ನಗುತ್ತಿದ್ದರು. ಅರಮನೆಗೆ ಹೋಗುವವರು ಮನೆಯಲ್ಲಿ ಉಂಡು ಹೋಗುವುದೆಂದರೇನು? ಆ ಮಾತು ಎಲ್ಲಿಂದ ಹುಟ್ಟಿತು ಎಂದು ನನಗೆ ಗೊತ್ತು. ನಾನೂ ಜೊತೆಗಿದ್ದೆ. ಆವತ್ತು ಬಂದ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ, ಹೇಳಿಬಿಡುತ್ತೇನೆ.

ನಾನು ಅಂಜನಮ್ಮ. ಪಟಾಲಮ್ಮ ನಮ್ಮಣ್ಣ ನರಸಿಂಹಯ್ಯನ ಹೆಂಡತಿ. ನನ್ನನ್ನು ಅಲ್ಲೇ ಯಲಹಂಕಕ್ಕೆ ಕೊಟ್ಟಿದ್ದರಿಂದ ತವರಿಗೆ ನನ್ನ ಓಡಾಟ ಜಾಸ್ತಿ. ಅಣ್ಣನದು ದ್ರಾಕ್ಷಿ ತೋಟ. ಹಣ್ಣು ಕೀಳುವ ಕಾಲಕ್ಕೆ ಮನೆ ತುಂಬ ಆಳುಕಾಳು. ಅಷ್ಟೂ ಜನಕ್ಕೆ ಮುದ್ದೆ ಕಟ್ಟುವವಳು ಅತ್ತಿಗೆ, ಬಡಿಸುವವಳು ಅತ್ತಿಗೆ. ಅವಳ ಪಂಕ್ತಿಯಲ್ಲಿ ಕೂತವರು ಸುಮ್ಮನೆ ಎದ್ದು ಹೋದದ್ದೇ ಇಲ್ಲ. “ಏ ಇದೇನ್ರೀ, ಗುಬ್ಬಿ ಉಣ್ಣೋ ಅಂಗೆ ಉಣ್ತೀರಿ, ಇನ್ನೊಂಚೂರು ಇಕ್ಕಿಸ್ಕಳಿ” ಎಂದು ಬೆನ್ನು ಬಿದ್ದು ಬಡಿಸುತ್ತಿದ್ದಳು. ಎಲ್ಲರದೂ ಆದ ಮೇಲೆ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು, ತಳ ಕೆರೆದು, ನಾಲ್ಕು ತುತ್ತು ನುಂಗಿ ಎದ್ದುಬಿಡುತ್ತಿದ್ದಳು. ಅವಳು ಉಂಡಳೋ ಬಿಟ್ಟಳೋ ನೋಡಿದವರಿಲ್ಲ.

ಅಣ್ಣ ಕೆಟ್ಟವನಲ್ಲ, ದೇವರಂಥವನು. ಆದರೆ ಬಾಯಿ ಇಲ್ಲ. ತಲೆ ಬಗ್ಗಿಸಿ ಉಂಡು, ತಲೆ ಬಗ್ಗಿಸಿ ತೋಟಕ್ಕೆ ಹೋಗುವ ಪ್ರಾಣಿ.

ಆ ವರ್ಷ ದ್ರಾಕ್ಷಿ ಬಂದಿತು ನೋಡಿ, ಚಪ್ಪರ ಬಗ್ಗುವಷ್ಟು. ಅದೇ ಕಾಲಕ್ಕೆ ಮೊಯಿನುದ್ದೀನ್ ಸಾಹೇಬರು ಮನೆಗೆ ಬಂದರು. ಅವರು ಶಾಮಿಯಾನದ ಸಾಹೇಬರು. ನನ್ನ ಮದುವೆಗೆ ಪೆಂಡಾಲ್ ಹಾಕಿದ್ದೂ ಅವರೇ. ಮುಚ್ಚಿಹೋದ ಒಂದು ನಾಟಕ ಕಂಪನಿಯ ಸಾಮಾನನ್ನೆಲ್ಲ ಹರಾಜಿನಲ್ಲಿ ಹಿಡಿದಿದ್ದರಂತೆ. ಸಿಂಹಾಸನ, ಕಿರೀಟ, ಈಟಿ, ಮಖಮಲ್ಲಿನ ಪರದೆ, ಎಲ್ಲ. ಅದನ್ನು ಏನು ಮಾಡುವುದು? ಹೆಬ್ಬಾಳದ ಹತ್ತಿರ ಒಂದು ಹಳೇ ಬಂಗಲೆ ಹಿಡಿದು, ಅದರಲ್ಲಿ ಜೋಡಿಸಿ, ‘ಅರಮನೆ ವಾಸ’ ಎಂದು ಬೋರ್ಡು ಹಾಕಿಬಿಟ್ಟಿದ್ದರು. ಕೆಲಸ ಕಳೆದುಕೊಂಡ ನಟರೇ ಅಲ್ಲಿ ಸೇವಕರು.

“ನೋಡಮ್ಮಾ ಪಟಾಲಮ್ಮ, ಒಂದ್ ದಿನ ನೀವು ರಾಣಿ, ನಿಮ್ಮ ಯಜಮಾನ್ರು ರಾಜ. ಜೊತೆಗೆ ಒಬ್ಬರು ಸಖಿ ಬರಬೋದು. ನೀವು ಕೂತಿರೋದು, ನಮ್ಮೋರು ಬಡಿಸೋದು. ಬೆಳ್ಳಿ ತಟ್ಟೆ!” ಎಂದರು ಸಾಹೇಬರು.

ಬೆಲೆ ಏನು ಕಡಿಮೆಯೇ? ಆ ದುಡ್ಡಿಗೆ ಒಳ್ಳೆ ಕರೆಯುವ ಹಸು ಬರುತ್ತಿತ್ತು. ಅಣ್ಣ ನಕ್ಕು ಸುಮ್ಮನಾದ. ಆದರೆ ಅತ್ತಿಗೆ ಸುಮ್ಮನಾಗಲಿಲ್ಲ. ಮದುವೆಯಾಗಿ ಬಂದ ಮೇಲೆ ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳಿರದ ಹೆಂಗಸು, “ನಾನು ಓಗ್ಬೇಕು” ಎಂದುಬಿಟ್ಟಳು!

ಊರಿಗೆ ಊರೇ ಬುದ್ಧಿ ಹೇಳಲು ಬಂತು. ಪಕ್ಕದ ಮನೆಯ ದೊಡ್ಡಮುನಿಯಪ್ಪ, ಅವನಿಗೆ ಬೇರೆಯವರ ಮನೆಯ ಖರ್ಚೆಂದರೆ ಹೊಟ್ಟೆನೋವು, ಜಗಲಿಯ ಮೇಲೆ ಬಂದು ಕೂತ.

“ಏನಮ್ಮ ಪಟಾಲಮ್ಮ, ಅದೇ ದುಡ್ಡಲ್ಲಿ ಒಂದು ಅಸ ಬತ್ತದಲ್ಲಮ್ಮ.”

“ಅಸ ತಂದ್ರೆ ಅದ್ಕೂ ನಾನೇ ಇಕ್ಬೇಕಲ್ಲಣ್ಣ” ಎಂದಳು ಅತ್ತಿಗೆ.

ದೊಡ್ಡಮುನಿಯಪ್ಪ ಟವೆಲ್ಲು ಕೊಡವಿಕೊಂಡು ಎದ್ದು ಹೋದ. ನಾನು ಮಾತ್ರ ಅತ್ತಿಗೆಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ. ಏನೇ ಇದು, ನಿನಗೆ ಸಿಂಹಾಸನದ ಹುಚ್ಚು ಯಾವಾಗ ಹಿಡಿಯಿತು ಎಂದೆ.

ಅವಳು ಸೆರಗಿನ ತುದಿ ತಿರುಚುತ್ತ ನಿಂತಳು. “ಸಿಮ್ಮಾಸನ ಯಾರಿಗೆ ಬೇಕು ಅಂಜನಿ? ಬಾಣಂತನಕ್ಕೆ ಓದಾಗ ನಮ್ಮವ್ವ ನನ್ನ ಮಣೆ ಮ್ಯಾಲೆ ಕೂರಿಸಿ, ಇನ್ನೊಂಚೂರು ಇಕ್ಕಿಸ್ಕಳಮ್ಮಿ ಅಂತ ಬಲವಂತ ಮಾಡಿ ಇಕ್ಕೋಳು. ಅವ್ವ ಓದ್ಲು. ಆಮ್ಯಾಲೆ ಯಾರೂ ಆ ಮಾತು ಅಂದಿಲ್ಲ. ಒಂದು ಸಲ, ಸಾಯೋದ್ರೊಳಗೆ ಒಂದೇ ಒಂದು ಸಲ, ಯಾರಾದ್ರೂ ನಂಗೆ ಬಲವಂತ ಮಾಡಿ ಇಕ್ಬೇಕು ಕಣೇ. ಕಾಸು ಕೊಟ್ರೆ ಮಾಡ್ತಾರಲ್ಲ?”

ನಾನು ಕಣ್ಣು ಒರೆಸಿಕೊಂಡು ನೆಟ್ಟಗೆ ತೋಟಕ್ಕೆ ಹೋಗಿ, ಕಾರಣಗೀರಣ ಏನೂ ಹೇಳದೆ, ಕರೆದುಕೊಂಡು ಹೋಗದಿದ್ದರೆ ನಿನ್ನ ಜೊತೆ ನನ್ನ ಮಾತು ಇವತ್ತಿಗೆ ಸರಿ ಎಂದು ಅಣ್ಣನ ಮೇಲೆ ಕೂಗಾಡಿದೆ. ಅಣ್ಣ ಪಾಪ, ಹೂಂ ಎಂದ.

ಅಣ್ಣನ ಹೆಣ್ಣುಮಕ್ಕಳಿಬ್ಬರನ್ನೂ ಯಲಹಂಕದಲ್ಲಿ ನನ್ನ ಅತ್ತೆ ಹತ್ತಿರ ಬಿಟ್ಟು ಮೂವರೂ ಬಸ್ಸು ಹತ್ತಿದೆವು. ಸಖಿ ಯಾರು ಎಂದು ಬೇರೆ ಕೇಳಬೇಕೆ? ಬರಿಗೈಲಿ ಒಬ್ಬರ ಮನೆಗೆ ಹೋಗಬಾರದಲ್ಲ, ಅತ್ತಿಗೆ ಒಂದು ಬುಟ್ಟಿ ದ್ರಾಕ್ಷಿ ಹೊತ್ತಿದ್ದಳು. ಅದು ಹೋಟೆಲು ಕಣೇ, ನೆಂಟರ ಮನೆಯಲ್ಲ ಎಂದರೆ, “ಉಣ್ಣೋಕಿಕ್ತಾರೆ ಅಂದ್ಮ್ಯಾಲೆ ನೆಂಟ್ರೇ” ಎಂದಳು.

ಬಂಗಲೆಯ ಬಾಗಿಲಿಗೆ ಹೋದೆವೋ ಇಲ್ಲವೋ, ಈಟಿ ಹಿಡಿದ ಇಬ್ಬರು “ಬಹುಪರಾಕ್! ಬಹುಪರಾಕ್!” ಎಂದು ಕಿರುಚಿದರು. ಅಣ್ಣ ತಟಕ್ಕನೆ ನಮ್ಮಿಬ್ಬರನ್ನೂ ಪಕ್ಕಕ್ಕೆ ಎಳೆದು, ಕೈಮುಗಿದು ನಿಂತ. “ಯಾರೋ ದೊಡ್ಡೋರು ಬತ್ತಾವ್ರೆ, ದಾರಿ ಬಿಡಿ” ಎಂದ. ಹಿಂದೆ ತಿರುಗಿ ನೋಡಿದರೆ ರಸ್ತೆಯಲ್ಲಿ ಒಂದು ಎಮ್ಮೆ ಬಿಟ್ಟರೆ ಯಾರೂ ಇಲ್ಲ! ನನಗೆ ನಕ್ಕೂ ನಕ್ಕೂ ಸಾಕಾಯಿತು.

ಸಾಹೇಬರು ಓಡಿ ಬಂದು ಒಳಗೆ ಕರೆದುಕೊಂಡು ಹೋದರು. ದ್ರಾಕ್ಷಿ ಬುಟ್ಟಿ ಕೊಟ್ಟಾಗ ಏನು ಮಾಡಬೇಕೆಂದು ತೋಚದೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಹೋಟೆಲಿಗೆ ಬಂದವರು ಉಡುಗೊರೆ ತಂದದ್ದು ಅದೇ ಮೊದಲಂತೆ. ಆಮೇಲೆ ಅಣ್ಣನ ರುಮಾಲಿನ ಮೇಲೆಯೇ ಕಿರೀಟ ಕೂರಿಸಿದರು. ಅತ್ತಿಗೆಗೆ ಕಾಗೆಬಂಗಾರದ ಡಾಬು, ತೋಳಬಂದಿ. ಗೋಡೆಗೆಲ್ಲ ಬಣ್ಣದ ಪರದೆ. ಒಂದರಲ್ಲಿ ಉದ್ಯಾನವನ, ಒಂದರಲ್ಲಿ ಕಾಳಗ. ಚೆನ್ನಾಗಿರಲಿಲ್ಲ ಎಂದರೆ ನಾಲಿಗೆ ಬಿದ್ದುಹೋಗುತ್ತದೆ. ನಿಜವಾಗಿಯೂ ಚೆನ್ನಾಗಿತ್ತು. ಸಿಂಹಾಸನದ ಮೇಲೆ ಕೂತ ಅತ್ತಿಗೆಯನ್ನು ನೋಡಿ ನನಗೆ ಹೆಮ್ಮೆಯಾಯಿತು.

ಸಂಜೆ ದೀಪ ಹಚ್ಚಿ ರಾಜಭೋಜನ. ಬೆಳ್ಳಿ ತಟ್ಟೆ ಬಂತು. ತುದಿಗೆ ಒಂದು ಚಿಟಿಕೆ ಉಪ್ಪು, ಒಂದು ಹೋಳು ಉಪ್ಪಿನಕಾಯಿ. ಮಂತ್ರಿ ವೇಷದ ಮುದುಕ ಬಗ್ಗಿ ನಿಂತು ಕೇಳಿದ.

“ಮಹಾರಾಣಿಯವರಿಗೆ ಚಿರೋಟಿ ಬಡಿಸಲು ಅಪ್ಪಣೆಯೆ?”

ಈಗ ನಮ್ಮ ಕಡೆಯ ಪದ್ಧತಿ ಹೇಳಬೇಕು. ನಮ್ಮಲ್ಲಿ ಬಡಿಸುವವರು ಕೇಳುವುದಿಲ್ಲ, ಹಾಕುತ್ತಾರೆ. ಹಾಗೇನಾದರೂ ಕೇಳಿದರೆ ಮರ್ಯಾದಸ್ಥರು ಮೊದಲು ಬೇಡ ಅನ್ನಬೇಕು. ಬಡಿಸುವವರು ಬಲವಂತ ಮಾಡಬೇಕು. ಉಣ್ಣುವವರು ಎಲೆಯ ಮೇಲೆ ಕೈ ಅಡ್ಡ ಇಡಬೇಕು. ಬಡಿಸುವವರು ಆ ಕೈ ಸರಿಸಿ ಹಾಕಬೇಕು. ಮೊದಲ ಮಾತಿಗೇ ಹೂಂ ಅಂದವನು ಹೊಟ್ಟೆಬಾಕ, ಬೇಡ ಎಂದ ಕೂಡಲೇ ಪಾತ್ರೆ ಎತ್ತಿದವನು ಜಿಪುಣ.

ಅತ್ತಿಗೆ ತಲೆ ತಗ್ಗಿಸಿ, ಮುಖವೆಲ್ಲ ನಗು ಮಾಡಿಕೊಂಡು, “ಬ್ಯಾಡಪ್ಪ” ಎಂದಳು. ಎಂದು, ಕಾದಳು.

“ಅಪ್ಪಣೆ!” ಎಂದ ಮಂತ್ರಿ. ಚಿರೋಟಿ ಹೋಯಿತು.

ಹೋಯಿತು ಎಂದರೆ ಹೋಯಿತು. ಹಿಂದೆಯೇ ಪೂರಿ ಬಂತು. ಬ್ಯಾಡಪ್ಪ. ಅಪ್ಪಣೆ. ಒಬ್ಬಟ್ಟು ಬಂತು, ತುಪ್ಪ ಸುರಿಯುತ್ತಿತ್ತು. ಬ್ಯಾಡಪ್ಪ. ಅಪ್ಪಣೆ. ಅತ್ತಿಗೆಯ ನಗು ಒಂದೊಂದು ಪಾತ್ರೆಗೂ ಸಣ್ಣದಾಗುತ್ತ ಬಂತು. ಅಣ್ಣನನ್ನು ಕೇಳಿದಾಗ ಅವನು ಮಾತೇ ಆಡಲಿಲ್ಲ. ಮಾತಾಡದಿದ್ದರೆ ಒಪ್ಪಿಗೆ ಎಂದು ರಾಶಿ ಹಾಕಿದರು. ಅವನು ತಲೆ ಬಗ್ಗಿಸಿ, ಕಿರೀಟ ಜಾರದಂತೆ ಒಂದು ಕೈಲಿ ಹಿಡಿದುಕೊಂಡು, ಹೊಲ ಉತ್ತವನ ಹಾಗೆ ಉಂಡ.

ಸಖಿಯಾದ ನಾನು ನವಿಲುಗರಿ ಬೀಸುತ್ತ ಹಿಂದೆ ನಿಂತಿದ್ದೆ. ಮೈ ಉರಿದುಹೋಯಿತು. ಆ ಮಂತ್ರಿಯನ್ನು ಪರದೆಯ ಹಿಂದೆ ಹಿಡಿದು, “ರೀ ಸ್ವಾಮಿ, ಇನ್ನೊಂದು ಸಲ ಕೇಳಿದ್ರೆ ನಿಮ್ಮ ಗಂಟು ಹೋಗುತ್ತಾ?” ಎಂದೆ.

“ತಾಯಿ, ರಾಣಿಯವರ ಮಾತನ್ನು ಎರಡನೇ ಸಲ ಕೇಳೋ ಹಾಗಿಲ್ಲ. ಇಲ್ಲಿ ಅದೇ ಮೊದಲನೇ ನಿಯಮ” ಎಂದ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು.

ನಾನೇ ಬಾಯಿ ಬಿಟ್ಟು ಹೇಳಲು ಹೊರಟೆ. ಅತ್ತಿಗೆ ಕಣ್ಣಲ್ಲೇ ಗದರಿದಳು. ಒಳಗೆ ಹೋದ ಮೇಲೆ, “ಕೇಳ್ಕಂಡು ಉಣ್ಣೋದಾ? ಅದೂ ಒಂದು ಬಾಳಾ? ಮಾನ ಓದೀತು” ಎಂದಳು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ನಮ್ಮ ಮಹಾರಾಣಿ ಆ ಮೆತ್ತನೆ ಹಾಸಿಗೆಯ ಮೇಲೆ ಹಸಿದುಕೊಂಡೇ ಮಲಗಿದಳು.

ಬೆಳಿಗ್ಗೆ ತಿಂಡಿಗೆ ಮುಂಚೆ ಅವಳಿಗೆ ಪಾಠ ಹೇಳಿಕೊಟ್ಟೆ. ಇಡ್ಲಿ ಬರುತ್ತದೆ, ಬೇಕು ಅನ್ನು. ಬರೀ ಬೇಕು. ಅವಳು ಹೂಂ ಹೂಂ ಎಂದು ಮೆಲ್ಲಗೆ ಬಾಯಿಪಾಠ ಮಾಡಿಕೊಂಡಳು. ಇಡ್ಲಿ ಬಂತು. ಮಂತ್ರಿ ಬಗ್ಗಿದ. ಅತ್ತಿಗೆ ಉಸಿರು ಎಳೆದುಕೊಂಡು, “ಬ್ಯಾಡಪ್ಪ” ಎಂದಳು! ಅಯ್ಯೋ ನನ್ನ ಶಿವನೇ, ಹುಟ್ಟಿದಾಗಿನಿಂದ ಕಲಿತ ನಾಲಿಗೆ ಒಂದು ಬೆಳಿಗ್ಗೆಗೆ ತಿರುಗುತ್ತದೆಯೆ? ಹೊರಡುವಾಗ ಸಾಹೇಬರು, “ಊಟ ಹೆಂಗಿತ್ತಮ್ಮಾ?” ಎಂದು ಕೇಳಿದರೆ, “ಬಲು ಸೊಗಸಾಗಿತ್ತು” ಅಂದಳು, ಮಾನವಂತೆ!

ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣ ಹೊಟ್ಟೆ ಸವರಿಕೊಂಡು, “ಊಟ ಚೆನ್ನಾಗಿತ್ತು ಅಲ್ವಾ?” ಎಂದ. ಅಷ್ಟೇ ಸಾಕಾಯಿತು ನನಗೆ.

“ನಿನ್ ಎಂಡ್ತಿ ನೆನ್ನೆಯಿಂದ ಉಪವಾಸ ಬಿದ್ದವ್ಳೆ ಕಣಣ್ಣ, ನೋಡಿದ್ಯಾ?”

“ಬ್ಯಾಡ ಅಂದ್ಲಲ್ಲ?”

“ಬ್ಯಾಡ ಅಂದ್ರೆ ಬ್ಯಾಡಾನಾ? ನೀನು ಯಾವೂರಲ್ಲಿ ಉಟ್ಟಿದೋನು? ಸಿಮ್ಮಾಸನದ ಮ್ಯಾಲೆ ಕೂರೋಕೆ ಬಂದಳಾ ಅವಳು? ಒಂದು ಸಲ ಯಾರಾದ್ರೂ ಇನ್ನೊಂಚೂರು ಇಕ್ಕಿಸ್ಕೊ ಅನ್ಲಿ ಅಂತ ಬಂದಿದ್ಲು. ಅವ್ರವ್ವ ಓದ್ಮ್ಯಾಲೆ ಯಾರೂ ಅಂದಿಲ್ವಂತೆ. ನೀನು ಅಂದಿದ್ಯಾ?”

ಬಸ್ಸಿನವರೆಲ್ಲ ತಿರುಗಿ ನೋಡಿದರು. ಅತ್ತಿಗೆ ನಾಚಿ ಕಿಟಕಿಯ ಕಡೆ ಮುಖ ಮಾಡಿದಳು. ಊರು ಹತ್ತಿರ ಬಂದರೂ ಅಣ್ಣನ ಮುಖಕ್ಕೆ ಬಣ್ಣ ಬರಲಿಲ್ಲ. ಅಂದಿಲ್ಲವಲ್ಲ ಅವನು, ಒಂದು ದಿನವೂ. ಅದು ಅವನಿಗೆ ಆಗ ಗೊತ್ತಾಯಿತು. ನನಗೆ ಅವನ ಮೇಲೆ ಸಿಟ್ಟೂ ಇತ್ತು, ಅಯ್ಯೋ ಪಾಪ ಎಂದೂ ಅನ್ನಿಸಿತು.

ಮಕ್ಕಳನ್ನು ಆಮೇಲೆ ಕರೆತಂದರಾಯಿತೆಂದು ನೆಟ್ಟಗೆ ಕೋಗಿಲಿಗೇ ಹೋದೆವು. ಮನೆಗೆ ಬಂದ ಕೂಡಲೇ ಅತ್ತಿಗೆ ಒಲೆ ಕಡೆ ಹೊರಟಳು. ಅಣ್ಣ ಅಡ್ಡ ನಿಂತ. ಗೋಡೆಗೆ ಒರಗಿಸಿದ್ದ ಮಣೆ ತಂದು ನಡುಮನೆಯಲ್ಲಿ ಹಾಕಿ, “ಕೂತ್ಕೋ” ಎಂದ. ತಾನು ಒಳಗೆ ಹೋದ. ಪಾತ್ರೆಗಳು ದಡಬಡ ಬಿದ್ದವು. “ಇಟ್ಟು ಎಲ್ಲೈತೆ?” ಎಂದು ಕೂಗಿದ. ಅತ್ತಿಗೆ ಏಳಲು ಹೋದರೆ ನಾನು ಭುಜ ಒತ್ತಿ ಕೂರಿಸಿದೆ. ಹುಡುಕಿಕೊಳ್ಳಲಿ ಬಿಡು ಎಂದೆ. ಹೊಗೆ, ಕೆಮ್ಮು, ಬೈಗುಳ, ಎಲ್ಲ ಆದ ಮೇಲೆ ಮೂರು ಮುದ್ದೆ ಹಿಡಿದುಕೊಂಡು ಹೊರಗೆ ಬಂದ. ಒಂದೊಂದೂ ಒಂದೊಂದು ಆಕಾರ. ಹೊರಡುವ ಮುಂಚೆ ಅತ್ತಿಗೆ ಮಾಡಿಟ್ಟಿದ್ದ ಬಸ್ಸಾರನ್ನು ಬಿಸಿ ಮಾಡಿದ್ದ.

ನನಗೊಂದು ಮುದ್ದೆ ಇಟ್ಟ, ಅವಳಿಗೊಂದು ಇಟ್ಟ. ಅವಳು ಉಂಡಳು. ಹಸಿದಿದ್ದಳಲ್ಲ, ಮುದ್ದೆ ಹೋದದ್ದೇ ಕಾಣಲಿಲ್ಲ. ಅಣ್ಣ ಮೂರನೆಯದನ್ನು ಎತ್ತಿಕೊಂಡು ಬಂದ.

“ಸಾಕು” ಎಂದಳು ಅತ್ತಿಗೆ, ತಟ್ಟೆಯ ಮೇಲೆ ಕೈ ಅಡ್ಡ ಇಟ್ಟು.

ಅಣ್ಣನ ಕೈ ಗಾಳಿಯಲ್ಲೇ ನಿಂತಿತು. ಇಷ್ಟು ವರ್ಷ ಅವಳು ಸಾಕು ಅಂದರೆ ಸಾಕು, ಬೇಡ ಅಂದರೆ ಬೇಡ ಎಂದು ನಂಬಿ ಬದುಕಿದ ಮನುಷ್ಯ. ಅರ್ಧ ತಿರುಗಿಯೂಬಿಟ್ಟ. ನಾನು ಹಲ್ಲು ಕಚ್ಚಿಕೊಂಡು ಕೂತೆ. ಆಮೇಲೆ ಅವನು ವಾಪಸು ಬಂದು, ಅವಳ ಮುಂದೆ ಕುಕ್ಕರಿಸಿದ.

“ಇನ್ನೊಂಚೂರು ಇಕ್ಕಿಸ್ಕಳಮ್ಮಿ.”

“ಬ್ಯಾಡ.”

“ಏ, ಏನು ಗುಬ್ಬಿ ಉಣ್ಣೋ ಅಂಗೆ ಉಣ್ತೀಯ?” ಎಂದು ಅವಳ ಕೈ ಸರಿಸಿ, ಇಡೀ ಮುದ್ದೆಯನ್ನೇ ತಟ್ಟೆಗೆ ಇಟ್ಟುಬಿಟ್ಟ. ಮನೆಯಲ್ಲಿ ಉಳಿದಿದ್ದದ್ದು ಅದೊಂದೇ.

ಅತ್ತಿಗೆಯ ಕಣ್ಣಿಂದ ನೀರು ಹರಿಯಿತು. ಒರೆಸಿಕೊಳ್ಳಲಿಲ್ಲ. “ಮತ್ತೆ ನಿಮ್ಗೆ?” ಎಂದಳು.

“ನಂಗೇನು? ನೆನ್ನೆಯೆಲ್ಲ ನಾನು ರಾಜ ಆಗಿದ್ನಲ್ಲ, ಒಟ್ಟೆ ತುಂಬೈತೆ.”

ಅವಳು ಅಳುತ್ತಳುತ್ತಲೇ ನಕ್ಕಳು. ಒಂದು ತುತ್ತು ಮುರಿದು, “ಬರೀ ಗಂಟು” ಎಂದಳು. ಆಮೇಲೆ, ಕೇಳಿ ಉಣ್ಣುವುದು ಮಾನಗೇಡು ಎಂದಿದ್ದ ನಮ್ಮ ಅತ್ತಿಗೆ, ತಾನಾಗಿ ತಟ್ಟೆಯನ್ನು ಅವನ ಕಡೆ ನೂಕಿದಳು.

“ಸಾರು ಬಿಡಿ” ಎಂದಳು.