ಮೇಲಿನ ಸಾಲಿನ ಹೆಸರು

ಪುಣೆಯಲ್ಲಿ ಇಟ್ಟಿಗೆ ಹೊತ್ತು, ಸೆಂಟ್ರಿಂಗ್ ಕಟ್ಟಿ, ಆಯ ತಪ್ಪಿ ಬಿದ್ದು ಸತ್ತ ಕನ್ನಡ ನಾಡಿನ ಕೂಲಿಕಾರರ ಪರವಾಗಿ ವಾದಿಸಿದ ವಕೀಲರ ಹೆಸರುಗಳು ತೀರ್ಪುಗಳಲ್ಲಿ ಸಿಗುತ್ತವೆ. ಆ ಅರ್ಜಿಗಳನ್ನು ಬೆರಳಚ್ಚು ಮಾಡಿದವರ ಹೆಸರು ಎಲ್ಲಿಯೂ ಸಿಗುವುದಿಲ್ಲ. ಹದಿನೇಳು ವರ್ಷ ಆ ಕೆಲಸ ಮಾಡಿ, ಈ ೨೦೦೮ರ ಮೇ ತಿಂಗಳಲ್ಲಿ ನಮ್ಮ ಕಾರ್ಮಿಕ ನೆರವು ಕೇಂದ್ರದಿಂದ ನಿವೃತ್ತರಾಗುತ್ತಿರುವ ಶ್ರೀಮತಿ ಇಂದೂಬಾಯಿ ಜಾಲಿಹಾಳ ಅವರಿಗೆ ಅದರ ಬಗ್ಗೆ ದೂರೇನೂ ಇಲ್ಲ. ಈ ಅಭಿನಂದನ ಗ್ರಂಥವೇ ಬೇಡವೆಂದು ಅವರು ಮೂರು ಸಲ ಹೇಳಿದರು. ನಾಲ್ಕನೆಯ ಸಲ, ಬರೆಯುವುದೇ ಆದರೆ ತಮ್ಮ ತಪ್ಪನ್ನೂ ಬರೆಯಬೇಕೆಂದು ಕರಾರು ಹಾಕಿದರು. ಹೊಗಳಲು ಕೂತವರಿಗೆ ಇದಕ್ಕಿಂತ ದೊಡ್ಡ ಫಜೀತಿ ಇನ್ನೊಂದಿಲ್ಲ.

ವಿಜಾಪುರದಲ್ಲಿ ಟೈಪಿಂಗ್ ಪರೀಕ್ಷೆ ಮುಗಿಸಿದ್ದ ಇಂದೂಬಾಯಿಯವರು ೧೯೯೧ರಲ್ಲಿ ಕಸಬಾ ಪೇಟೆಯ ನಮ್ಮ ಒಂದೇ ಕೋಣೆಯ ಕಚೇರಿಗೆ ಬಂದಾಗ ಅಲ್ಲಿದ್ದದ್ದು ಒಂದು ಹಳೆಯ ಟೈಪ್‌ರೈಟರ್ ಮತ್ತು ರಘುರಾಮ ವಕೀಲರ ಗೀಚು ಅಕ್ಷರ. ೧೯೯೬ರಲ್ಲಿ ಯಾರೋ ಪುಣ್ಯಾತ್ಮರು ಕಂಪ್ಯೂಟರ್ ದಾನ ಕೊಟ್ಟರು. ವಕೀಲರು ಅದನ್ನು ಮುಟ್ಟಲು ಹೆದರಿದರೆ, ನಲವತ್ತಾರರ ಇಂದೂಬಾಯಿಯವರು ಪಟ್ಟು ಹಿಡಿದು ಕಲಿತರು. ಹುಡುಕಿ ಬದಲಿಸುವ ಫೈಂಡ್ ಮತ್ತು ರಿಪ್ಲೇಸ್ ಎಂಬ ಪುಟ್ಟ ಚೌಕದೊಳಗೆ ಎಷ್ಟು ಸೌಕರ್ಯಗಳು ಅಡಗಿವೆಯೆಂಬುದು ನಮಗೆಲ್ಲ ಗೊತ್ತಾದದ್ದೇ ಅವರಿಂದ. ಹೆಸರಿನ ನಡುವಿನ ಒಂದಕ್ಷರದ ಬಗ್ಗೆ ಅನುಮಾನವಿದ್ದರೆ ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಹುಡುಕಬಹುದು; ವಕೀಲರು ಹಳದಿ ಬಳಿಸಿಟ್ಟ ಜಾಗಗಳನ್ನು ಶಬ್ದವನ್ನೇ ಕೊಡದೆ, ಬರಿ ಬಣ್ಣದ ಮೇಲಿಂದ ಹುಡುಕಬಹುದು; ಕಣ್ಣಿಗೆ ಕಾಣದ ಪ್ಯಾರಾ ಗುರುತುಗಳನ್ನು ಹಿಡಿದು ನೂರಾರು ಖಾಲಿ ಸಾಲುಗಳನ್ನು ಒಂದೇ ಏಟಿಗೆ ಅಳಿಸಬಹುದು. ತಮ್ಮ ಕನ್ನಡಕ ಎಲ್ಲಿದೆಯೆಂದು ಸ್ವಲ್ಪ ಆ ಪೆಟ್ಟಿಗೆಯನ್ನೇ ಕೇಳಿ ಹೇಳಿರೆಂದು ವಕೀಲರು ಛೇಡಿಸುತ್ತಿದ್ದರು.

ಆದರೆ ಅವರ ಅಂತಃಕರಣ ಯಂತ್ರದಲ್ಲಿರಲಿಲ್ಲ. ಅರ್ಜಿಗೆ ಹೆಬ್ಬೆಟ್ಟು ಒತ್ತಲು ಬಂದ ಹೆಂಗಸರ ಬೆರಳಿನ ಮಸಿಯನ್ನು ಕೊಬ್ಬರಿ ಎಣ್ಣೆ ಹಚ್ಚಿ ತಾವೇ ಒರೆಸುತ್ತಿದ್ದರು. ಗಂಡನನ್ನು ಕಳೆದುಕೊಂಡವಳು ಕಪ್ಪಾದ ಬೆರಳು ನೋಡುತ್ತ ಮನೆಗೆ ಹೋಗಬಾರದೆಂಬುದು ಅವರ ಹಟ.

೨೦೦೧ರ ಆರಂಭದಲ್ಲಿ ಹಿಂಜವಾಡಿಯ ಒಂದು ಕಟ್ಟಡದ ನಾಲ್ಕನೆಯ ಮಾಳಿಗೆಯಿಂದ ಯಾದಗಿರಿ ಕಡೆಯ ಭೀಮು ಎಂಬ ಗೌಂಡಿ ಬಿದ್ದು ಸತ್ತ. ಅವನ ಹೆಂಡತಿ ಚನ್ನಬಸವ್ವ ಮತ್ತು ತಾಯಿ ಶಿವಗಂಗವ್ವ ನಮ್ಮಲ್ಲಿಗೆ ಬಂದರು. ಅದೇ ದಿನ ಅರ್ಜಿ ಹಾಕದಿದ್ದರೆ ಸಾಕ್ಷಿಗಳು ಬೇರೆ ಸೈಟಿಗೆ ಹೊರಟುಹೋಗುತ್ತಿದ್ದರು. ಹಿಂದಿನ ವರ್ಷ ಮಗರಪಟ್ಟಾದಲ್ಲಿ ಹೀಗೆಯೇ ಸತ್ತಿದ್ದ ಅಫಜಲಪುರದ ಅವ್ವಣ್ಣನ ಅರ್ಜಿ ಕಂಪ್ಯೂಟರಿನಲ್ಲಿತ್ತು. ಅದನ್ನೇ ತೆಗೆದು, ಒಕ್ಕಣೆಯನ್ನಷ್ಟೇ ಆಯ್ದುಕೊಂಡು, ಅವ್ವಣ್ಣ ಎಂದಿದ್ದಲ್ಲೆಲ್ಲ ಭೀಮು ಎಂದು ಬದಲಿಸಲು ಇಂದೂಬಾಯಿಯವರು ಆಜ್ಞೆ ಕೊಟ್ಟರು. ಆಯ್ದ ಭಾಗ ಮುಗಿಯಿತು, ಉಳಿದ ಕಡೆಯೂ ಹುಡುಕಬೇಕೇ ಎಂದು ಯಂತ್ರ ಕೇಳಿತು. ಅವಸರದಲ್ಲಿದ್ದ ಅವರು ಬೇಡವೆಂದು ಒತ್ತಿದರು. ಪ್ರತಿ ಪುಟದ ತಲೆಯ ಮೇಲೆ ಚಿಕ್ಕದಾಗಿ ಬರುವ ಮೃತನ ಹೆಸರಿನ ಸಾಲು ಆಯ್ದ ಭಾಗದ ಹೊರಗಿತ್ತು. ಹನ್ನೊಂದೂ ಪುಟಗಳ ನೆತ್ತಿಯ ಮೇಲೆ ಅವ್ವಣ್ಣ ಹಾಗೆಯೇ ಉಳಿದ.

ಆರು ತಿಂಗಳ ಮೇಲೆ ವಿಚಾರಣೆಯಲ್ಲಿ ಗುತ್ತಿಗೆದಾರರ ವಕೀಲರು ಆ ಸಾಲನ್ನು ಎತ್ತಿ ತೋರಿಸಿ, ಸತ್ತವನು ಯಾರೆಂದೇ ಇವರಿಗೆ ಗೊತ್ತಿಲ್ಲವೆಂದು ನಕ್ಕರು. ಅರ್ಜಿ ವಾಪಸಾಯಿತು. ಹೊಸದಾಗಿ ಹಾಕಬೇಕು, ಮತ್ತೆ ಸರದಿಗೆ ಕಾಯಬೇಕು. ಪತ್ರ ಬರೆದು ತಿಳಿಸಿದರಾಯಿತೆಂದು ರಘುರಾಮ ವಕೀಲರು ಸಮಾಧಾನ ಹೇಳಿದರೂ ಇಂದೂಬಾಯಿಯವರು ಕೇಳಲಿಲ್ಲ. ತಿದ್ದಿದ ಪ್ರತಿಯನ್ನು ಹಿಡಿದು ಮರುದಿನ ಬೆಳಿಗ್ಗೆಯೇ ಎರಡು ಬಸ್ಸು ಬದಲಿಸಿ ಹಿಂಜವಾಡಿಯ ತಗಡಿನ ಶೆಡ್ಡುಗಳಿಗೆ ಹೋದರು.

ಅಲ್ಲಿ ಕಂಡದ್ದನ್ನು ಅವರು ನಮಗೆ ಹೇಳಿದ್ದು ಎಷ್ಟೋ ವರ್ಷಗಳ ನಂತರ. ಶೆಡ್ಡಿನ ಮೂಲೆಯಲ್ಲಿ ನಾಲ್ಕು ಇಟ್ಟಿಗೆಯ ಮೇಲೊಂದು ಹಲಗೆ, ಅದರ ಮೇಲೆ ಜೇಜುರಿಯ ಖಂಡೋಬನ ಪಟ. ಪಕ್ಕದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ, ಕೋರ್ಟಿನ ದುಂಡು ಮೊಹರಿನ, ಮನೆಯವರಿಗೆಂದು ಕೊಟ್ಟಿದ್ದ ಆ ಹಳೆಯ ಅರ್ಜಿಯ ಪ್ರತಿ. ಭೀಮುವಿನದು ಒಂದು ಫೋಟೋ ಕೂಡ ಇರಲಿಲ್ಲ. ಅವನ ಹೆಸರು ಅಚ್ಚಾಗಿರುವ ಕಾಗದವೆಂದರೆ ಇದೊಂದೇ ಎಂದು ತಾಯಿ ಅದನ್ನೇ ದೇವರ ಹಲಗೆಯ ಮೇಲಿಟ್ಟಿದ್ದಳು. ಹೆಸರು ಎಲ್ಲಿದೆಯೆಂದು ಸೈಟಿನ ವಾಚ್‌ಮನ್‌ನನ್ನು ಕೇಳಿದ್ದಳಂತೆ. ಮೇಲೆಯೇ ಇರುತ್ತದೆ ಎಂದು ಅವನು ಅಂದಾಜಿನ ಮೇಲೆ ಬೆರಳಿಟ್ಟು ತೋರಿಸಿದ್ದ. ಪ್ರತಿ ಐತವಾರ ಆ ಮುದುಕಿ ಭಂಡಾರ ಹಚ್ಚಿ ಕೈಮುಗಿದದ್ದು ಆ ಮೇಲಿನ ಸಾಲಿಗೇ. ಪ್ಲಾಸ್ಟಿಕ್ಕಿನ ಮೇಲೆ ಅಲ್ಲಿ ಅರಿಶಿನ ಗಟ್ಟಿಯಾಗಿ ಕೂತಿತ್ತು.

ಸುಮ್ಮನೆ ಕಾಗದ ಬದಲಿಸಿ ಬರಬಹುದಿತ್ತು. ಓದು ಬಾರದ ಆ ಇಬ್ಬರಿಗೆ ಎಂದೂ ತಿಳಿಯುತ್ತಿರಲಿಲ್ಲ. ಇಂದೂಬಾಯಿಯವರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. "ಯಂತ್ರ ನನ್ನ ಕೇಳಿತ್ರಿ, ಉಳದದ್ದೂ ನೋಡ್ಲೇನು ಅಂತ. ನಾನೇ ಬ್ಯಾಡ ಅಂದೆ" ಎಂದರು. ಚನ್ನಬಸವ್ವ ಮುಖ ತಿರುಗಿಸಿ ಕೂತಳು. ಶಿವಗಂಗವ್ವ ಮಾತ್ರ, ಮೇಲಿನ ಹೆಸರಿನವನು ಯಾರು, ಹೇಗೆ ಸತ್ತನೆಂದು ಕೇಳಿದಳು. ಇಂದೂಬಾಯಿಯವರು ಹೇಳಿದರು.

"ಅವಂಗೂ ಅವ್ವ ಇದ್ದಾಳೇನ್ರಿ?"

"ಇದ್ದಾಳ್ರಿ."

ಮುದುಕಿ ಎದ್ದು ಹಲಗೆಯ ಮೇಲಿನ ಕಾಗದವನ್ನು ಎರಡೂ ಕೈಯಲ್ಲಿ ತಂದು ಇಂದೂಬಾಯಿಯವರ ಉಡಿಯಲ್ಲಿಟ್ಟಳು. "ಹಂಗಾದ್ರ ಇದು ಆಕಿಗೆ ಮುಟ್ಟಸ್ರಿ. ನಿನ್ನ ಮಗಗ ಒಂದು ಐತವಾರನೂ ಪೂಜಿ ತಪ್ಪಿಲ್ಲ ಅಂತ ಹೇಳ್ರಿ."

ಎರಡನೆಯ ಅರ್ಜಿ ಗೆದ್ದದ್ದು ೨೦೦೪ರಲ್ಲಿ. ಅದಕ್ಕೆ ಹಿಂದಿನ ಚಳಿಗಾಲದಲ್ಲೇ ಶಿವಗಂಗವ್ವ ತೀರಿಕೊಂಡಿದ್ದಳು. ಗೆಲುವಿನ ಸುದ್ದಿ ಬಂದ ದಿನ ಕಚೇರಿಯಲ್ಲಿ ಪೇಢೆ ಹಂಚಿದರು, ಇಂದೂಬಾಯಿಯವರು ತಿನ್ನಲಿಲ್ಲ. ಹಿಂಜವಾಡಿಯಿಂದ ಮರಳಿದಂದಿನಿಂದ ಅವರು ಒಬ್ಬ ಸತ್ತವನ ಹೆಸರಿನ ಮೇಲೆ ಇನ್ನೊಬ್ಬನ ಹೆಸರು ಹಾಕಲಿಲ್ಲ. ಪ್ರತಿ ಅರ್ಜಿಯನ್ನೂ ಖಾಲಿ ಪುಟದಿಂದ ಹೊಡೆದು, ತಲೆಯಿಂದ ಬುಡದವರೆಗೆ ಮನೆಯವರ ಮುಂದೆ ಕನ್ನಡದಲ್ಲಿ ಓದಿ ಹೇಳಿದರು. ನಿಧಾನವಾಯಿತೆಂದು ನಾವು ಗೊಣಗಿದ್ದುಂಟು. ಅದಕ್ಕಾಗಿ ಇಲ್ಲಿ ಕ್ಷಮೆ ಕೇಳುತ್ತೇವೆ.

ಅವ್ವಣ್ಣನ ತಾಯಿ ಸಾವಿತ್ರಿಬಾಯಿ ಇನ್ನೂ ಸಿಕ್ಕಿಲ್ಲ. ಫೈಲಿನಲ್ಲಿದ್ದ ವಿಳಾಸದ ಶೆಡ್ಡು ಎಂದೋ ನೆಲಸಮವಾಗಿ ಅಲ್ಲೀಗ ಹನ್ನೆರಡು ಮಾಳಿಗೆ ಎದ್ದಿವೆ. ಊರಿಗೆ ಬರೆದ ಪತ್ರಗಳು ತಿರುಗಿ ಬಂದಿವೆ. ಏಳು ವರ್ಷದಿಂದ ರಜೆಯ ದಿನಗಳಲ್ಲಿ ಇಂದೂಬಾಯಿಯವರು ಕೂಲಿಕಾರರು ನಿಲ್ಲುವ ನಾಕಾಗಳಿಗೆ ಹೋಗಿ, ಅಫಜಲಪುರದವರು ಯಾರಿದ್ದೀರೆಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದಾರೆ. ನಿವೃತ್ತಿಯ ನಂತರ ದಿನವೂ ಹೋಗಬಹುದೆಂಬುದೇ ಅವರಿಗೆ ಸಂತೋಷ. ನಿವೃತ್ತರಾದವರಿಗೆ ದೀರ್ಘಾಯುಷ್ಯ ಕೋರುವುದು ಇಂಥ ಗ್ರಂಥಗಳ ರೂಢಿ. ನಮ್ಮ ಕೋರಿಕೆ ಒಬ್ಬರಿಗಷ್ಟೇ ಅಲ್ಲ. ಇಂದೂಬಾಯಿಯವರು ಬಹುಕಾಲ ಬಾಳಲಿ, ಅವರ ಕಾಲುಗಳಲ್ಲಿ ಕಸುವು ಉಳಿಯಲಿ. ಅವರು ಹೋಗಿ ಮುಟ್ಟುವ ತನಕ ಅವ್ವಣ್ಣನ ಅವ್ವನೂ ಬಾಳಲಿ.