ಹದಿಮೂರು ಬಾಗಿಲಿಗೆ ಹಂಚಿದ ಚಿತ್ರಗಳು

ಜಪಾನಿನ ಎಡೋಗಾವಾದ ಆ ಓಣಿಯಲ್ಲಿ ಹದಿನಾಲ್ಕು ಮನೆಗಳು. ಹದಿಮೂರರಲ್ಲಿ ಜಪಾನೀಯರು, ಕಟ್ಟಕಡೆಯದರಲ್ಲಿ ಕಾತ್ಯಾಯಿನಿ. ವಯಸ್ಸು ನಲವತ್ತಾರು, ಗಂಡ ನಟರಾಜ, ಹೈಸ್ಕೂಲಿನ ಮಗಳು ಕೃತಿ, ಗಂಡನ ಕಂಪನಿ ಹಿಡಿದುಕೊಟ್ಟ ಬಾಡಿಗೆ ಮನೆ. ಊಟದ ಡಬ್ಬಿ, ಇಸ್ತ್ರಿ, ಶಾಲೆಯ ಚೀಟಿಗಳಲ್ಲಿ ದಿನ ಸವೆಸುತ್ತಿದ್ದ ಅವಳು ತನಗೆಂದು ಉಳಿಸಿಕೊಂಡದ್ದು ಒಂದೇ ಗಂಟೆಯನ್ನು: ಬೆಳಗಿನ ಜಾವ ಮೂರೂವರೆಯಿಂದ ನಾಲ್ಕೂವರೆ. ಟ್ರೈಪಾಡ್ ಹೊತ್ತು ಓಣಿಗಿಳಿದು ಫೋಟೊ ತೆಗೆಯುತ್ತಿದ್ದಳು.

ಎರಡು ವರ್ಷದಲ್ಲಿ ಜ್ವರ ಬಂದ ಒಂಬತ್ತು ದಿನ ಬಿಟ್ಟರೆ ಒಮ್ಮೆಯೂ ತಪ್ಪಿಸಿರಲಿಲ್ಲ. ಬೀದಿದೀಪ, ಒದ್ದೆ ಟಾರು, ನಾಣ್ಯ ಹಾಕಿದರೆ ಪಾನೀಯ ಕೊಡುವ ಯಂತ್ರದ ಬಿಳಿ ಬೆಳಕು ಬಿದ್ದ ಗೋಡೆ. ಪ್ರತಿ ಚಿತ್ರಕ್ಕೂ ಕ್ಯಾಮೆರಾ ಹದಿನೈದು ಸೆಕೆಂಡು ಕಣ್ಣು ತೆರೆದಿರಬೇಕು. ಅಷ್ಟು ಹೊತ್ತಿನಲ್ಲಿ ನಡೆದು ಹೋದವರು ಚಿತ್ರದಲ್ಲಿ ಉಳಿಯುವುದಿಲ್ಲ, ನಿಂತವರು ಉಳಿಯುತ್ತಾರೆ.

ಓಣಿಯವರು ಎದುರಾದಾಗ ಮುಖ ತಿರುಗಿಸಲು ಶುರುಮಾಡಿದ್ದು ಅವಳ ಗಮನಕ್ಕೆ ಬಂದಿತ್ತು. ಪರಿಚಯವಾದರೆ ಸರಿಹೋದೀತೆಂದು ದೀಪಾವಳಿಗೆ ಪ್ರತಿ ಮನೆಯ ನಸುಕಿನ ಚಿತ್ರವನ್ನೊಂದು ಅಚ್ಚು ಹಾಕಿಸಿ, ಜೊತೆಗೆ ಕೊಬ್ಬರಿ ಮಿಠಾಯಿಯ ಪೊಟ್ಟಣವಿಟ್ಟು, ಹದಿಮೂರು ಅಂಚೆಪೆಟ್ಟಿಗೆಗಳಿಗೂ ಹಾಕಿ ಬಂದಳು. ನಮ್ಮ ಕಡೆಯಲ್ಲಾದರೆ ಮನೆಯ ಫೋಟೊ ಕೊಟ್ಟವರನ್ನು ಒಳಗೆ ಕರೆದು ಕಾಫಿ ಕೊಡುತ್ತಾರೆ.

ಮೂರನೆಯ ದಿನ ಓಣಿಯ ಸಂಘದ ಮುಖ್ಯಸ್ಥ ಓಕುಬೊ-ಸಾನ್ ಬಂದರು. ಕೈಯಲ್ಲಿ ಕಾಗದದ ಚೀಲ. ಅದರಲ್ಲಿ ಹದಿಮೂರೂ ಚಿತ್ರಗಳು, ಬಿಚ್ಚದ ಹದಿಮೂರೂ ಪೊಟ್ಟಣಗಳು.

"ಸುಮಿಮಾಸೆನ್, ಕ್ಷಮಿಸಿ," ಎಂದರು. ತಲೆ ಎಷ್ಟು ಬಾಗಬೇಕೋ ಅದಕ್ಕಿಂತ ಒಂದು ಕೂದಲೂ ಹೆಚ್ಚು ಬಾಗಲಿಲ್ಲ. "ನಿಮಗೆ ಏನು ಬೇಕು?"

"ನನಗೆ? ಏನೂ ಬೇಡ. ಹಬ್ಬದ ಉಡುಗೊರೆ ಅದು."

"ನನ್ನ ಹೆಂಡತಿಯ ಚಿತ್ರವನ್ನು ನನ್ನ ಮನೆಗೇ ಕಳಿಸಿದ್ದೀರಿ. ಅರ್ಥವಾಗದಿರಲು ನಾನು ಮಗುವಲ್ಲ."

ಅವಳು ಚಿತ್ರವನ್ನು ಆಗ ಸರಿಯಾಗಿ ನೋಡಿದಳು. ಅವರ ಮನೆಯ ಗೋಡೆಯಾಚೆ, ಪಕ್ಕದ ಓಣಿಯವರು ಕಸದ ಚೀಲಗಳ ಮೇಲೆ ಹೊದಿಸುವ ಬಲೆಯ ಬಳಿ ಒಬ್ಬ ಹೆಂಗಸು ಕೈಚೀಲ ಹಿಡಿದು, ಯಾರಾದರೂ ಬರುತ್ತಾರೇನೋ ಎಂಬಂತೆ ಅಲುಗದೆ ನಿಂತಿದ್ದಳು. ಚೀಲದ ತುಂಬ ಬಾಟಲಿ. ಅಂದು ಸುಡುವ ಕಸದ ದಿನ, ಬಾಟಲಿ ಇಡುವಂತಿಲ್ಲ. ಬೆಳಗಾಗುವ ಮುನ್ನ ಕಸ ಇಡಬಾರದು, ಬೇರೆಯವರ ಬಲೆಯಲ್ಲಂತೂ ಕೂಡದು ಎಂದು ಬೀದಿಯ ಕಂಬಕ್ಕೆ ಅಂಟಿಸಿದ ಸೂಚನೆಗೆ ಸಹಿ ಮಾಡಿದ್ದವರು ಓಕುಬೊ-ಸಾನ್. ಅದು ಯಾರೆಂದು ನೋಡದೆ, ಆ ನೆರಳಿನಂಥ ಆಕೃತಿಯಿಂದ ಚಿತ್ರಕ್ಕೆ ಜೀವ ಬಂದಿದೆಯೆಂದೇ ಅವಳು ಅದನ್ನು ಆರಿಸಿದ್ದಳು.

"ಎಲ್ಲವನ್ನೂ ಅಳಿಸಿ. ಬೆಳಗಾಗುವ ಮುನ್ನ ಕ್ಯಾಮೆರಾ ಹಿಡಿದು ಹೊರಗೆ ಬರಬೇಡಿ. ಇಲ್ಲವಾದರೆ ನಿಮ್ಮ ಯಜಮಾನರ ಕಂಪನಿಗೆ ಬರೆಯುತ್ತೇನೆ."

ಸಂಜೆ ನಟರಾಜ ಟೈ ಸಡಿಲಿಸುತ್ತಲೇ ಹೇಳಿದ, "ಡಿಲೀಟ್ ಮಾಡಿ ಬಿಸಾಕು ಕಣೆ. ಮಾರ್ಚಲ್ಲಿ ಲೀಸ್ ರಿನ್ಯೂವಲ್ ಇದೆ. ಹೆಚ್‌ಆರ್‌ಗೆ ಒಂದು ಮೇಲ್ ಹೋದ್ರೆ ನಮ್ಮ ಕಥೆ ಮುಗೀತು."

"ನಾನೇನು ತಪ್ಪು ಮಾಡ್ದೆ ರೀ?"

"ತಪ್ಪು ಗಿಪ್ಪು ಯಾರಿಗೆ ಬೇಕು? ನಿನ್ನ ಫೋಟೊ ಕೊಡು ಅಂತ ಯಾರಾದ್ರೂ ಅರ್ಜಿ ಹಾಕಿದ್ರಾ? ಊರೆಲ್ಲ ಮಲಗಿರೋವಾಗ ನಿನಗೊಬ್ಬಳಿಗೆ ಯಾಕೆ ಬೆಳಗಾಗ್ಬೇಕು?"

ಕೃತಿ ಫೋನಿನಿಂದ ತಲೆಯೆತ್ತದೆ, "ಆನೆಸ್ಟ್ಲೀ ಅಮ್ಮಾ, ಇಟ್ಸ್ ಕ್ರೀಪಿ," ಎಂದಳು.

"ಇಪ್ಪತ್ಮೂರು ಗಂಟೆ ನಿಮ್ಮಿಬ್ಬರಿಗೇ ಕೊಟ್ಟಿದೀನಿ," ಎಂದಳು ಕಾತ್ಯಾಯಿನಿ. "ಅದು ಮಾತ್ರ ಯಾರ ಕಣ್ಣಿಗೂ ಬೀಳಲ್ಲ."

ರಾತ್ರಿ ಅವಳು ಕಂಪ್ಯೂಟರಿನಿಂದ ಓಕುಬೊ ಅವರ ಹೆಂಡತಿಯಿದ್ದ ಚಿತ್ರವೊಂದನ್ನೇ ಅಳಿಸಿದಳು. ಬೇರಾವುದನ್ನೂ ಮುಟ್ಟಲಿಲ್ಲ. ನಸುಕಿಗೆ ಎಂದಿನಂತೆ ಹೊರಟಳು.

ಓಣಿಯ ಸೂಚನೆಗಳು ಒಂದು ಹಲಗೆಗೆ ಸಿಕ್ಕಿಸಿಕೊಂಡು ಮನೆಯಿಂದ ಮನೆಗೆ ಸಾಗುತ್ತಿದ್ದವು. ಓದಿದವರು ತಮ್ಮ ಚೌಕದಲ್ಲಿ ಮೊಹರು ಒತ್ತಿ ಮುಂದಿನ ಬಾಗಿಲಿಗೆ ತಲುಪಿಸಬೇಕು. ಸೋಮವಾರ ಬಂದ ಹಲಗೆಯಲ್ಲಿ ಹದಿಮೂರು ಕೆಂಪು ಮೊಹರುಗಳ ಮೇಲೆ ಹೀಗೆ ಬರೆದಿತ್ತು: "ನಸುಕಿನಲ್ಲಿ ಮನೆಗಳನ್ನು ಗಮನಿಸುವ ಅನುಮಾನಾಸ್ಪದ ವಿದೇಶಿ ಮಹಿಳೆ. ಕಂಡರೆ ಪೊಲೀಸರಿಗೆ ತಿಳಿಸಿ." ಹದಿನಾಲ್ಕನೆಯ ಚೌಕ ಅವಳದು.

ಮೊಹರು ಒತ್ತಿದಳು. ಅದರ ಕೆಳಗೆ ಮಗಳ ಜಪಾನಿ ನಿಘಂಟು ನೋಡಿ, ಒಂದೊಂದೇ ಅಕ್ಷರ ತಿದ್ದಿ ಬರೆದಳು: "ಆ ಮಹಿಳೆ ನಾನು. ಹದಿನಾಲ್ಕನೆಯ ಮನೆ. ಕೇಳುವುದಿದ್ದರೆ ನನ್ನನ್ನೇ ಕೇಳಿ." ಫೋನ್ ನಂಬರನ್ನೂ ಹಾಕಿದಳು. ಕೊನೆಯ ಮನೆಯವರು ಹಲಗೆಯನ್ನು ಮುಖ್ಯಸ್ಥರಿಗೆ ಹಿಂದಿರುಗಿಸಬೇಕು, ತಾನೇ ಒಯ್ದಳು.

ಓಕುಬೊ-ಸಾನ್ ಬಾಗಿಲಲ್ಲೇ ನಿಂತು ಓದಿದರು. "ಇದರ ಮೇಲೆ ಬರೆಯುವ ಪದ್ಧತಿ ಇಲ್ಲ."

"ಹೆಸರು ಹೇಳದೆ ಬರೆಯುವ ಪದ್ಧತಿ ಇದೆಯಲ್ಲ." ಅವರ ಬೆನ್ನ ಹಿಂದೆ ಹೆಂಡತಿ ನಿಂತಿದ್ದು ಕಂಡಿತು. "ನಿಮ್ಮ ಮನೆಯವರ ಚಿತ್ರ ಅಳಿಸಿದ್ದೇನೆ. ಉಳಿದವನ್ನು ಅಳಿಸುವುದಿಲ್ಲ."

"ನಾನು ನಂಬುವುದು ಹೇಗೆ?"

"ನಂಬಬೇಡಿ."

ಒಳಗಿದ್ದ ಹೆಂಗಸು ಬಂದು ಬಾಗಿಲೆಳೆದುಕೊಂಡಳು.

ಮರುದಿನ ನಸುಕಿನ ನಾಲ್ಕಕ್ಕೆ ಓಣಿಗೆ ಸೈಕಲ್ಲಿನಲ್ಲಿ ಪೊಲೀಸ್ ಬಂದು ವಿದೇಶಿಯರ ನಿವಾಸ ಕಾರ್ಡು ಕೇಳಿದ. ಆ ವಾರ ನಾಲ್ಕು ಸಲ ಅವನೇ ಬಂದು ಅದನ್ನೇ ಕೇಳಿದ, ಅವಳು ಅದನ್ನೇ ತೋರಿಸಿದಳು. ಕಂಪನಿಗೆ ದೂರು ಹೋಯಿತು. ನಟರಾಜ ಅಡುಗೆಯ ವಿಷಯ ಬಿಟ್ಟು ಬೇರೆ ಮಾತು ನಿಲ್ಲಿಸಿದ. ಓಣಿಯಲ್ಲಿ ಒಬ್ಬರೂ ಅವಳಿಗೆ ಫೋನ್ ಮಾಡಲಿಲ್ಲ. ಬಾಡಿಗೆಯ ಕರಾರು ಮುಂದುವರಿಯಲಿಲ್ಲ, ಮಾರ್ಚ್ ಕೊನೆಗೆ ಮನೆ ಬಿಡಬೇಕೆಂದು ಕಾಗದ ಬಂತು.

ಬಿಡುವ ದಿನ ಸಾಮಾನಿನ ಲಾರಿ ಎಂಟಕ್ಕೆ ಬರುವುದಿತ್ತು. ನಸುಕಿನ ಮೂರೂವರೆಗೆ ಅವಳು ಟ್ರೈಪಾಡ್ ಊರಿಕೊಂಡು ಓಣಿಯಲ್ಲಿದ್ದಳು.