ಡಬ್ಬಾದ ಮೇಲಿನ ಸಿಟ್ಟು

ಉಂಡ ಮನೆಯ ಜಂತೆ ಎಣಿಸುವುದರಲ್ಲಿ ಕ್ಯಾಪ್ಟನ್ ಕೇಶವಮೂರ್ತಿಯವರನ್ನು ಮೀರಿಸುವವರು ಇಡೀ ಗುರುಗ್ರಾಮದಲ್ಲಿ ಇರಲಿಕ್ಕಿಲ್ಲ. ಪೈಲಟ್‌ಗಳಿಗೆ ತರಬೇತಿ ಕೊಡುವ ಸಿಮ್ಯುಲೇಟರೇ ಅವರಿಗೆ ಅನ್ನ ಹಾಕುತ್ತಿತ್ತು. ಅದನ್ನೇ ಅವರು ಕೂತರೆ ನಿಂತರೆ ಬೈಯುತ್ತಿದ್ದರು. ಕಬ್ಬಿಣದ ಕಾಲುಗಳ ಮೇಲೆ ನಿಂತ ದೊಡ್ಡ ಬಿಳಿ ಪೆಟ್ಟಿಗೆ. ಒಳಗೆ ಹೊಕ್ಕರೆ ಸಾಕ್ಷಾತ್ ಕಾಕ್‌ಪಿಟ್, ಕಿಟಕಿಯಾಚೆ ಚಿತ್ರದ ರನ್‌ವೇ. ಪೈಲಟ್‌ಗಳ ಬಾಯಲ್ಲಿ ಅದು ಡಬ್ಬಾ. ಬೇರೆಯವರು ಸಲಿಗೆಯಿಂದ ಹಾಗೆ ಕರೆದರೆ ಇವರು ತಾತ್ಸಾರದಿಂದ ಕರೆಯುತ್ತಿದ್ದರು.

ಕೇಂದ್ರ ಸರ್ಕಾರದ ಗುಮಾಸ್ತರ ಮಗ; ಆರ್.ಕೆ. ಪುರಂ ಕ್ವಾರ್ಟರ್ಸಿನ ತಾರಸಿಯಲ್ಲಿ ನಿಂತು ವಿಮಾನ ನೋಡಿ ನೋಡಿ ಕತ್ತು ನೋಯಿಸಿಕೊಂಡು, ಕೊನೆಗೆ ಹಟ ಹಿಡಿದು ಪೈಲಟ್ ಆದವರು. ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಡಾಕ್ಟರು ಹಾರಾಟಕ್ಕೆ ಒಪ್ಪಲಿಲ್ಲ. ನೆಲ ಬಿಡದ ಡಬ್ಬಾದಲ್ಲಿ ಕಲಿಸಲು ಮಾತ್ರ ಯಾರ ಅಡ್ಡಿಯೂ ಇರಲಿಲ್ಲ. ಹೀಗೆ, ಯಾವುದನ್ನು ಕಂಡರೆ ಆಗುತ್ತಿರಲಿಲ್ಲವೋ ಅದರ ಹೊಟ್ಟೆಯೊಳಗೇ ದಿನವಿಡೀ ಕೂರುವ ಹಣೆಬರಹ ಅವರದಾಯಿತು. ಆ ಸಿಟ್ಟನ್ನೆಲ್ಲ ಕಲಿಯಲು ಬಂದವರ ಮೇಲೆ ಕಾರುತ್ತಿದ್ದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಈ ಸಲದ ಕೊತ್ತಿ ಪ್ರಣೀತಾ. ಕರೋಲ್ ಬಾಗಿನಲ್ಲಿ ದೋಸೆ ಹೋಟೆಲ್ ನಡೆಸುವ ಕುಂದಾಪುರದ ಕಾಂತಪ್ಪನವರ ಮಗಳು. ಬೇರೊಂದು ಕಂಪನಿಯಲ್ಲಿ ನಾಲ್ಕು ವರ್ಷ ಪಂಖದ ಸಣ್ಣ ವಿಮಾನ ಹಾರಿಸಿ, ಈಗ ದೊಡ್ಡ ಜೆಟ್ ಕಲಿಯಲು ಬಂದಿದ್ದಳು. ಹೊಸಬರಾದರೆ ಡಬ್ಬಾದ ಪಾಠ ಮುಗಿಸಿ, ಖಾಲಿ ವಿಮಾನವನ್ನು ಹಲವು ಬಾರಿ ನಿಜವಾಗಿ ಇಳಿಸಿ ತೋರಿಸಬೇಕು. ಅನುಭವವಿದ್ದವರಿಗೆ ಆ ಕಟ್ಟಳೆಯಿಲ್ಲ. ಡಬ್ಬಾದಲ್ಲಿ ಗೆದ್ದರೆ ಸಾಕು. ಅವರ ಮೊದಲ ನಿಜವಾದ ಲ್ಯಾಂಡಿಂಗು ಪ್ರಯಾಣಿಕರನ್ನು ಕೂರಿಸಿಕೊಂಡೇ, ಹಿರಿಯ ಕ್ಯಾಪ್ಟನ್ ಒಬ್ಬರ ಪಕ್ಕದಲ್ಲಿ. ಅದಕ್ಕೆ ಬೇಕಾದ ಸಹಿ ಕೇಶವಮೂರ್ತಿಯವರದು. ಅವರು ಇಂಥ ಸಹಿಯನ್ನು ಈವರೆಗೆ ಯಾರಿಗೂ ಹಾಕಿರಲಿಲ್ಲ. ಹಾಕದಿದ್ದರೆ ಪ್ರಣೀತಾ ಖಾಲಿ ವಿಮಾನಕ್ಕಾಗಿ ಕಾಯಬೇಕು. ಕಂಪನಿಯ ಬಳಿ ಅಂಥ ವಿಮಾನ ಇರಲಿಲ್ಲ. ಹಾಗೆ ಕಾಯುತ್ತ ಮನೆಯಲ್ಲಿ ಕೂತವರು ಹಲವರಿದ್ದರು.

ಅಂದು ಬೆಳಿಗ್ಗೆ, ಡಬ್ಬಾ ಹತ್ತುವ ಮುನ್ನ, ಎಲ್ಲರಿಗೂ ಹೇಳುವ ಕಥೆಯನ್ನು ಇವಳಿಗೂ ಹೇಳಿದರು. ಮೂವತ್ತು ವರ್ಷಗಳ ಹಿಂದೆ, ಈಗ ಮುಚ್ಚಿಹೋದ ಒಂದು ಕಂಪನಿಯಲ್ಲಿ, ಇವರೂ ಗೆಳೆಯ ತಿಲಕನೂ ನಿಜವಾದ ವಿಮಾನದಲ್ಲೇ ಕಲಿತವರು. ವಿಮಾನ ನೆಲ ಬಿಟ್ಟೊಡನೆ ಗುರುಗಳು ಒಂದು ಇಂಜಿನ್ನಿನ ಬಲ ಇಳಿಸಿಬಿಡುತ್ತಿದ್ದರು. ಶಿಷ್ಯ ಇನ್ನೊಂದರ ಬಲದಲ್ಲಿ ಏರಬೇಕು. ತಿಲಕನ ಸರದಿಯಲ್ಲಿ ವಿಮಾನ ಒಂದು ಕಡೆಗೆ ವಾಲಿ ಸಾಸಿವೆ ಹೊಲಕ್ಕೆ ಬಿತ್ತು; ತಿಲಕ ಉಳಿಯಲಿಲ್ಲ. ಮುಂದಿನ ಸರದಿ ಕೆಳಗೆ ಕಾಯುತ್ತ ನಿಂತಿದ್ದ ಇವರದಿತ್ತು.

"ಪೈಲಟ್ ಅಂದ್ರೆ ಅವನು. ನೀವೆಲ್ಲ ಮಂಚದ ಮೇಲೆ ಈಜು ಕಲಿತವರು" ಎಂದು ಕಥೆ ಮುಗಿಸಿದರು.

ಒಳಗೆ ಪ್ರಣೀತಾಳ ಬೆನ್ನ ಹಿಂದೆ ಕೂತು ಇಂಜಿನ್ ಕೆಡಿಸಿದರು. ಅವಳು ತಡಬಡಾಯಿಸಿದಳು; ವಿಮಾನ ನೆಲಕ್ಕಪ್ಪಳಿಸಿತೆಂದು ಪರದೆ ಕೆಂಪಾಗಿ ನಿಂತಿತು. ಮತ್ತೆ ಕೆಡಿಸಿದರು. ಮತ್ತೆ ಕೆಂಪು. ಮೂರನೆಯದರಲ್ಲಿ ಅವಳು ಏರಿದಳು. ಇವರಿಗೆ ಸಮಾಧಾನವಾಗುವ ಬದಲು ಮೈ ಉರಿಯಿತು. ವಿಮಾನ ಇಳಿಯುವಾಗ ಐವತ್ತು, ನಲವತ್ತು, ಮೂವತ್ತು ಎಂದು ಎತ್ತರ ಕೂಗುವ ಯಂತ್ರದ ದನಿಯೊಂದಿದೆ. ಅದನ್ನು ಹೇಳದೆ ಕೇಳದೆ ಬಂದ್ ಮಾಡಿದರು. ದನಿಗೆ ಕಾದ ಪ್ರಣೀತಾ ವಿಮಾನದ ಮೂತಿ ಎತ್ತುವುದನ್ನು ತಡಮಾಡಿದಳು. ಡಬ್ಬಾ ಧಡಾರನೆ ಕುಕ್ಕರಿಸಿತು.

"ಕಣ್ಣಲ್ಲಿ ಇಳಿಸಮ್ಮ, ಕಿವೀಲಿ ಅಲ್ಲ. ಡಬ್ಬಾದವರ ರೋಗ ಇದು. ಹಿಂದೆ ನೂರಾರು ಜನ ಇದ್ದಿದ್ರೆ?" ಅವಳ ಪಕ್ಕದ ಸೀಟಿನಲ್ಲಿ ಜೊತೆಗೆ ಕಲಿಯುತ್ತಿದ್ದ ಸರ್ದಾರ್ಜಿಗೆ ತಿಳಿಯದಿರಲೆಂದು ಬೈಗುಳವನ್ನು ಕನ್ನಡದಲ್ಲೇ ಕೊಡುವುದು ಅವರ ಏಕೈಕ ದಾಕ್ಷಿಣ್ಯ.

"ಫಿರ್ ಸೇ, ಸರ್. ಇನ್ನೊಂದ್ಸಲ. ದನಿ ಬಂದ್ ಇರಲಿ" ಎಂದಳು ಪ್ರಣೀತಾ.

ಈ ಸಲ ಅವಳು ರನ್‌ವೇಯ ತುದಿಯಿಂದ ಕಣ್ಣು ಕೀಳಲಿಲ್ಲ. ಚಕ್ರಗಳು ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಅಡ್ಡಗಾಳಿ ಬೀಸಿಸಿದರು, ಮಂಜು ಕವಿಸಿದರು, ಇಳಿಸಿದಳು. ತಪ್ಪು ಹುಡುಕಿ ಹುಡುಕಿ ಕೇಶವಮೂರ್ತಿಯವರಿಗೇ ಸುಸ್ತಾಯಿತು.

ಹೊರಗೆ ಬಂದು ಮೇಜಿಗೆ ಕೂತಾಗಲೂ ಪೆನ್ನು ತೆಗೆಯಲಿಲ್ಲ. "ನಿಜವಾದ ವಿಮಾನದಲ್ಲಿ ಇಳಿಸಿ ಬಾ. ಆಮೇಲೆ ನೋಡೋಣ."

"ವಿಮಾನ ಇಲ್ಲ ಅಂತ ನಿಮಗೆ ಗೊತ್ತು, ಸರ್. ನನ್ನ ತಪ್ಪೇನು, ಅದು ಹೇಳಿ."

"ಸಾವಿನ ಭಯ ಗೊತ್ತಿಲ್ಲ ನಿಂಗೆ. ಅದು ಡಬ್ಬಾದಲ್ಲಿ ಬರಲ್ಲ. ತಿಲಕ್‌ಗೆ ಗೊತ್ತಿತ್ತು."

ಪ್ರಣೀತಾಳ ತಾಳ್ಮೆಯೂ ಅಲ್ಲಿಗೆ ಮುಗಿಯಿತು. "ಬೆಳಿಗ್ಗೆ ಇಂಜಿನ್ ಹೋದಾಗ ನಾನು ಎರಡು ಸಲ ಸತ್ತೆ, ಸರ್. ಮೂರನೇ ಸಲಕ್ಕೆ ಕಲಿತೆ. ಆಮೇಲೆ ಇಳಿದು ಬಂದು ಚಾಯ್ ಕುಡಿದೆ. ತಿಲಕ್ ಸರ್‌ಗೆ ಎರಡನೇ ಸಲ ಸಿಗಲಿಲ್ಲ. ಅವತ್ತು ಅವರಿಗೆ ಒಂದು ಡಬ್ಬಾ ಇದ್ದಿದ್ರೆ ಇವತ್ತು ಇರ್ತಿದ್ರು. ನೀವು ಬೈಯೋದು ಯಾರನ್ನ?"

ಕೆನ್ನೆಗೆ ಹೊಡೆದಿದ್ದರೆ ಕೇಶವಮೂರ್ತಿಯವರು ತಿರುಗಿ ಹೊಡೆಯುತ್ತಿದ್ದರೋ ಏನೋ. ಕಾಗದ ಎಳೆದುಕೊಂಡು, ವಿಮಾನದಲ್ಲಿ ಇಳಿಸಿ ತೋರಿಸುವ ಅಗತ್ಯವಿಲ್ಲ ಎಂದು ಬರೆದು ಸಹಿ ಹಾಕಿದರು. ಅವಳು ಅದನ್ನು ಎತ್ತಿಕೊಂಡು ಹೊರಟಳು. ಬಾಗಿಲು ಹಾಕಿಕೊಂಡಿತು.

ಆ ಹುಡುಗಿಯನ್ನು ಅವರು ಕ್ಷಮಿಸಲಿಲ್ಲ. ಸುಳ್ಳು ಹೇಳಿದ್ದರೆ ಕ್ಷಮಿಸಬಹುದಿತ್ತು. ಇಷ್ಟು ವರ್ಷ ತಿಲಕ್ ಏನೋ ಒಂದಕ್ಕಾಗಿ ಪ್ರಾಣ ಕೊಟ್ಟ, ಅದಿಲ್ಲದೆ ಪೈಲಟ್ ಹುಟ್ಟುವುದಿಲ್ಲ ಎಂದು ನಂಬಿ ಬದುಕಿದ್ದರು. ಈಗ ಆ ಮೇಜಿನ ಮುಂದೆ, ಮಟಮಟ ಮಧ್ಯಾಹ್ನ, ಅವರ ಗೆಳೆಯ ಸುಮ್ಮನೆ ಸತ್ತಿದ್ದ.